ಹೆಪ್ಪು ಉಳಿದಿದೆಯಾ?

ಪುಣೆಯ ಔಂಧ್‌ನಲ್ಲಿ ನಮ್ಮ ಕೆಳಗಿನ ಮನೆಯವರು ಗದಗ ಕಡೆಯವರು. ಅವರ ಅಕ್ಕನ ಮಗನಿಗೆ ಈ ವರ್ಷ ಮೂಳೆ ಮಜ್ಜೆಯ ಕಸಿ, ಅಂದರೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಯಿತು. ಹೋದ ವಾರ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದರು: "ಅಲ್ರೀ ಅಕ್ಕಾರ, ಕೌಂಟ್ ಬಂದಾವ ಅಂತ ಡಾಕ್ಟರ್ ಹೇಳ್ಯಾರ. ಮತ್ತ ಹುಡುಗನ್ನ ಸಾಲಿಗೆ ಕಳಸಬ್ಯಾಡ್ರಿ ಅಂತಾರ. ಇದೆಂಥಾ ಲೆಕ್ಕರೀ?"

ನಾನು ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಇಪ್ಪತ್ತೆರಡು ವರ್ಷದಿಂದ ಇಲಿಗಳ ಮೂಳೆಯೊಳಗೆ ಇಣುಕುತ್ತಾ ಕೂತವಳು. ಧಾರವಾಡದ ನೆಂಟರಿಗೆ ಇದನ್ನು ಬಿಡಿಸಿ ಹೇಳುವುದನ್ನು ಎಂದೋ ಕೈಬಿಟ್ಟಿದ್ದೇನೆ. ಆದರೆ ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಯಾಕೆಂದರೆ ನಾನು ಮೊದಲ ಸಲ ಜೋರಾಗಿ ಎಡವಿದ್ದು ಇಲ್ಲೇ.

ಮಜ್ಜೆಯಲ್ಲಿರುವ ರಕ್ತದ ಸ್ಟೆಮ್ ಸೆಲ್, ಅಂದರೆ ಎಲ್ಲ ರಕ್ತಕಣಗಳ ಮೂಲ ಕೋಶ, ಮೊಸರಿನ ಹೆಪ್ಪಿನ ಹಾಗೆ. ಮೊಸರು ತಿನ್ನಬೇಕು, ನಾಳೆಗೆ ಒಂದು ಚಮಚ ಎತ್ತಿಡಲೂಬೇಕು. ನಮ್ಮ ದೇಹ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣ ಮಾಡುತ್ತದೆ. ಅಷ್ಟು ಮಾಡಿಯೂ ಹೆಪ್ಪು ತೀರುವುದಿಲ್ಲ. ಏಕೆಂದರೆ ಸ್ಟೆಮ್ ಸೆಲ್ ತಾನು ಹೆಚ್ಚು ದುಡಿಯುವುದೇ ಇಲ್ಲ. ಬಹುಪಾಲು ಸಮಯ ನಿದ್ದೆ. ದುಡಿಮೆಯೆಲ್ಲ ಅದರ ಮರಿಕೋಶಗಳದ್ದು.

ತೊಂದರೆ ಏನೆಂದರೆ, ನೋಡಲು ಎರಡೂ ಒಂದೇ ಥರ. ಇಲಿಯ ತೊಡೆಮೂಳೆ ಬೆರಳಿನ ಎರಡು ಗೆಣ್ಣಿನಷ್ಟೂ ಇರುವುದಿಲ್ಲ. ಎರಡೂ ತುದಿ ಕತ್ತರಿಸಿ, ಸಣ್ಣ ಸೂಜಿ ಚುಚ್ಚಿ ಉಪ್ಪುನೀರು ಹಾಯಿಸಿದರೆ ಮಜ್ಜೆ ಕೆಂಪು ದಾರದ ಹಾಗೆ ಜಾರಿ ಬರುತ್ತದೆ. ಅದರಲ್ಲಿ ಒಂದೆರಡು ಕೋಟಿ ಕೋಶ. ನಿಜವಾದ ಸ್ಟೆಮ್ ಸೆಲ್ ಹತ್ತಾರು ಸಾವಿರಕ್ಕೆ ಒಂದು. ಇದೇ ಅದು ಎಂದು ಖಾತ್ರಿ ಮಾಡಿಕೊಳ್ಳಲು ಒಂದೇ ದಾರಿ: ವಿಕಿರಣದಿಂದ ಮಜ್ಜೆ ಸುಟ್ಟ ಇನ್ನೊಂದು ಇಲಿಯ ಬಾಲದ ರಕ್ತನಾಳಕ್ಕೆ ಕೊಟ್ಟು ಕಾಯುವುದು. 16 ವಾರ.

ನಮ್ಮವು ಕಪ್ಪು ಇಲಿಗಳು. ಕೊಟ್ಟ ಇಲಿಯ ಬಿಳಿ ರಕ್ತಕಣದ ಮೇಲೆ ಸಿಡಿ45.2 ಅನ್ನುವ ಗುರುತು, ಪಡೆದದ್ದರಲ್ಲಿ ಸಿಡಿ45.1. ಹಾಗಾಗಿ ಒಂದು ಹನಿ ರಕ್ತ ಯಂತ್ರಕ್ಕೆ ಹಾಕಿದರೆ ಯಾರ ಕಣ ಯಾವುದು ಅಂತ ತಿಳಿಯುತ್ತದೆ. ನಾಲ್ಕನೇ ವಾರ ನೋಡಿದೆ, ಪರದೆ ತುಂಬ ದಾನಿಯ ಚುಕ್ಕೆಗಳು. ಲ್ಯಾಬ್‌ನಲ್ಲಿ ಎಲ್ಲರಿಗೂ ಬಾಕರ್‌ವಡಿ ಹಂಚಿದೆ. 16ನೇ ವಾರವೂ ದಾನಿಯ ಕಣಗಳು ಸಾಕಷ್ಟಿದ್ದವು. ಬರೆಯಲು ಕೂತೂಬಿಟ್ಟೆ.

ಗೈಡ್ ಒಂದೇ ಮಾತು ಕೇಳಿದರು: "ನ್ಯೂಟ್ರೋಫಿಲ್ ಎಷ್ಟಿವೆ?"

ಇರಲಿಲ್ಲ. ನ್ಯೂಟ್ರೋಫಿಲ್ ಅಂದರೆ ಬ್ಯಾಕ್ಟೀರಿಯಾ ಹಿಡಿಯುವ ಬಿಳಿ ಕಣ. ಇದ್ದದ್ದೆಲ್ಲ ಬೇರೆ ಬಿಳಿ ಕಣಗಳು: ಟಿ ಕಣ, ಬಿ ಕಣ. ಟಿ ಕಣ ತಿಂಗಳುಗಟ್ಟಲೆ ಬದುಕುತ್ತದೆ. ಹೆಪ್ಪು ಸತ್ತ ಮೇಲೂ ಹಳೇ ಮೊಸರು ಪಾತ್ರೆಯಲ್ಲಿ ಉಳಿದ ಹಾಗೆ. ನ್ಯೂಟ್ರೋಫಿಲ್‌ನ ಆಯಸ್ಸು ರಕ್ತದಲ್ಲಿ ಹೆಚ್ಚೆಂದರೆ ಒಂದೆರಡು ದಿನ. ಇವತ್ತು ಅದು ಕಂಡರೆ, ಮೊನ್ನೆ ಯಾರೋ ಹೊಸದಾಗಿ ಮಾಡಿದ್ದಾರೆ ಅಂತಲೇ ಅರ್ಥ. ನಾನು ಹಾಕಿದ್ದು ಬರೀ ಮರಿಕೋಶ. ಎಂಟು ತಿಂಗಳ ಕೆಲಸ ನೀರಲ್ಲಿ ಹೋಯಿತು. ಆಮೇಲೆ ಸಮಾಧಾನವಾದದ್ದು ಹಳೆಯ ಇತಿಹಾಸ ಓದಿ. 1961ರಲ್ಲಿ ಟೊರಾಂಟೊದ ಟಿಲ್ ಮತ್ತು ಮೆಕಲಕ್ ಇಂಥದೇ ಇಲಿಗಳ ಗುಲ್ಮದಲ್ಲಿ, ಕೊಟ್ಟ ಮಜ್ಜೆಯ ಕೋಶಗಳಿಂದ ಬೆಳೆದ ಗಂಟುಗಳನ್ನು ಕಂಡರು. ಈ ಇಡೀ ವಿಜ್ಞಾನ ಶುರುವಾದದ್ದು ಅಲ್ಲಿಂದ. ಆ ಗಂಟುಗಳಲ್ಲೂ ಹೆಚ್ಚಿನವು ಮರಿಕೋಶದಿಂದ ಬಂದವು ಎಂದು ಆಮೇಲೆ ಗೊತ್ತಾಯಿತು. ದೊಡ್ಡವರಿಗೂ ಹೀಗಾಗಿದೆ, ಅಲ್ವಾ!

ಈಗ ಆ ಹುಡುಗನ ವಿಷಯ. ಭಾರತದ ಮೊದಲ ಯಶಸ್ವಿ ಮಜ್ಜೆ ಕಸಿ ಆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ, ಡಾ. ಸುರೇಶ್ ಅಡ್ವಾಣಿ ಅವರ ಕೈಯಲ್ಲಿ. ಇವತ್ತಿಗೂ ವಾರ್ಡ್‌ನಲ್ಲಿ ಎಲ್ಲರೂ ಕಾಯುವುದು ಅದೇ ನ್ಯೂಟ್ರೋಫಿಲ್‌ಗೆ. ಸತತ ಮೂರು ದಿನ ಒಂದು ಮೈಕ್ರೋಲೀಟರ್ ರಕ್ತಕ್ಕೆ 500 ದಾಟಿದರೆ "ಕೌಂಟ್ ಬಂತು". ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಬರುತ್ತದೆ. ಅಂದರೆ ಹೊಸ ಮಜ್ಜೆ ಬೇರು ಬಿಟ್ಟಿತು.

ಟಿ ಕಣದ ಕಥೆ ಬೇರೆ. ಅದು ಮಜ್ಜೆಯಲ್ಲಿ ಹುಟ್ಟಿದರೂ ಎದೆಮೂಳೆಯ ಹಿಂದಿರುವ ಥೈಮಸ್‌ಗೆ ಹೋಗಿ ಕಲಿತು ಬರಬೇಕು. ಅಲ್ಲಿ ಪಾಸಾಗುವವರು ನೂರಕ್ಕೆ ಐದೂ ಇಲ್ಲ. ಸ್ವಂತ ದೇಹವನ್ನೇ ಕಚ್ಚುವವನನ್ನು, ಏನನ್ನೂ ಗುರುತಿಸದವನನ್ನು ಅಲ್ಲೇ ಮುಗಿಸುತ್ತಾರೆ. ಇದಕ್ಕೆ ತಿಂಗಳುಗಳು ಬೇಕು. ಥೈಮಸ್ ವಯಸ್ಸಾದಂತೆ ಸೊರಗಿ ಕೊಬ್ಬಾಗುತ್ತದೆ. ಹಾಗಾಗಿ ದೊಡ್ಡವರಿಗೆ ಇನ್ನೂ ಜಾಸ್ತಿ ಸಮಯ. ಬ್ಯಾಕ್ಟೀರಿಯಾ ಹಿಡಿಯುವ ಪೊಲೀಸ್ ಬಂದಾಯಿತು, ವೈರಸ್ ಗುರುತಿಸುವವನು ಇನ್ನೂ ಟ್ರೇನಿಂಗ್‌ನಲ್ಲಿದ್ದಾನೆ. ಶಾಲೆ ತುಂಬ ಶೀತ, ಚಿಕನ್ ಪಾಕ್ಸ್. ಹಳೆಯ ಕಣಗಳ ಜೊತೆ ಹಳೆಯ ನೆನಪೂ ಹೋಗಿರುತ್ತದೆ. ಅದಕ್ಕೇ ಚಿಕ್ಕಂದಿನ ಲಸಿಕೆಗಳನ್ನೆಲ್ಲ ಡಾಕ್ಟರ್ ಹೇಳಿದ ಹೊತ್ತಿಗೆ ಮತ್ತೆ ಮೊದಲಿಂದ ಹಾಕಿಸಬೇಕು.

ಇಷ್ಟೆಲ್ಲ ಮೆಟ್ಟಿಲ ಮೇಲೆ ನಿಂತೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರ ಅವನ ಹಳೇ ಲಸಿಕಿ ಕಾರ್ಡ್ ಒಗದ ಬಿಡ್ಲಿ ಅಂತ ಅಕ್ಕಗ ಹೇಳ್ಲೇನ್ರೀ?"

"ಬ್ಯಾಡ್ರೀ, ಇಟ್ಕೋಳ್ಲಿ. ಡಾಕ್ಟರ್ ಕೇಳ್ತಾರ."