ಫೈಟೋಈಸ್ಟ್ರೋಜನ್: ಮೂಳೆಗೆ ಎಷ್ಟು ಆಸರೆ?

ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಅಲ್ಲದಿದ್ದರೂ ಅದರ ಗ್ರಾಹಕಗಳಲ್ಲಿ (ಹಾರ್ಮೋನನ್ನು ಹಿಡಿದುಕೊಳ್ಳುವ ಕೋಶದ ಪ್ರೊಟೀನುಗಳಲ್ಲಿ) ಹೋಗಿ ಕೂರಬಲ್ಲ ಸಸ್ಯಮೂಲದ ರಾಸಾಯನಿಕಗಳಿಗೆ ಒಟ್ಟಾಗಿ ಫೈಟೋಈಸ್ಟ್ರೋಜನ್ ಎನ್ನುತ್ತಾರೆ. ಸೋಯಾಬೀನ್‌ನ ಜೆನಿಸ್ಟೀನ್ ಮತ್ತು ಡೈಡ್ಜೀನ್ ಐಸೋಫ್ಲೇವೋನ್ ಗುಂಪಿನವು. ಅಗಸೆ ಬೀಜ, ಎಳ್ಳುಗಳಲ್ಲಿ ಇರುವುದು ಲಿಗ್ನಾನ್. ಕುದುರೆ ಮೆಂತ್ಯ ಮತ್ತು ಕ್ಲೋವರ್ ಮೊಳಕೆಗಳಲ್ಲಿ ಕೂಮೆಸ್ಟ್ರಾಲ್. ಮೂಳೆಯ ಮಟ್ಟಿಗೆ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಐಸೋಫ್ಲೇವೋನ್, ಹಾಗಾಗಿ ಇಲ್ಲಿನ ಮಾತು ಬಹುಪಾಲು ಅದರದ್ದೇ.

ಇವುಗಳ ಪ್ರಭಾವ ಮೊದಲು ಎದ್ದು ಕಂಡದ್ದು ಕುರಿಗಳಲ್ಲಿ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕ್ಲೋವರ್ ಹುಲ್ಲುಗಾವಲುಗಳಲ್ಲಿ ಮೇಯ್ದ ಕುರಿಗಳು ಗಬ್ಬ ನಿಲ್ಲದೆ ಬಂಜೆಯಾದವು. ಕಾರಣ ಹುಲ್ಲಿನಲ್ಲಿದ್ದ ಐಸೋಫ್ಲೇವೋನ್. ಆದರೆ ದಿನವಿಡೀ ಅದನ್ನೇ ಮೇಯುವ ಕುರಿಯ ಪ್ರಮಾಣಕ್ಕೂ ಮನುಷ್ಯರ ಊಟದ ಪ್ರಮಾಣಕ್ಕೂ ಅಜಗಜಾಂತರ.

ಜೆನಿಸ್ಟೀನ್ ಅಣುವಿನ ಎರಡು ತುದಿಗಳಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳ ನಡುವಿನ ಅಂತರ, ನಮ್ಮ ದೇಹದ ಮುಖ್ಯ ಈಸ್ಟ್ರೋಜನ್ ಆದ ಎಸ್ಟ್ರಡೈಯಾಲ್‌ನಲ್ಲಿ ಇರುವಷ್ಟೇ ಹೆಚ್ಚುಕಡಿಮೆ. ಗ್ರಾಹಕ ಹಿಡಿದುಕೊಳ್ಳುವುದು ಆ ತುದಿಗಳನ್ನೇ. ಈ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ. ಬೀಟಾ ಗೊತ್ತಾದದ್ದು 1996ರಲ್ಲಿ. ಗರ್ಭಕೋಶದಲ್ಲಿ ಆಲ್ಫಾದ್ದೇ ಮೇಲುಗೈ, ಮೂಳೆಯಲ್ಲಿ ಎರಡೂ ಇವೆ. ಜೆನಿಸ್ಟೀನ್‌ಗೆ ಬೀಟಾ ಕಡೆಗೇ ಒಲವು ಹೆಚ್ಚು. ಗರ್ಭಕೋಶವನ್ನು ಕೆರಳಿಸದೆ ಮೂಳೆಯನ್ನು ಕಾಯಬಹುದು ಎಂಬ ಆಸೆ ಹುಟ್ಟಿದ್ದು ಇದರಿಂದ.

ಈಸ್ಟ್ರೋಜನ್ ಮೂಳೆಯನ್ನು ಕಾಯುವುದು ಹೇಗೆ? ಹಳೆ ಮೂಳೆಯನ್ನು ಆಸ್ಟಿಯೋಕ್ಲಾಸ್ಟ್ ಕೋಶಗಳು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತವೆ. ಕರಗಿಸುವ ಕೋಶಗಳನ್ನು ಬೆಳೆಸುವ ಸಂಕೇತ ರ‍್ಯಾಂಕ್-ಎಲ್. ಅದನ್ನು ತಡೆಯುವ ಪ್ರೊಟೀನು ಆಸ್ಟಿಯೋಪ್ರೊಟೆಜೆರಿನ್. ಈಸ್ಟ್ರೋಜನ್ ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಏರಿಸುತ್ತದೆ. ಮುಟ್ಟು ನಿಂತಾಗ ಈ ಹಿಡಿತ ಸಡಿಲವಾಗಿ, ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತದೆ. ಪ್ರಯೋಗಾಲಯದಲ್ಲಿ ಜೆನಿಸ್ಟೀನ್ ಇದೇ ದಾರಿಯಲ್ಲಿ ಕೆಲಸ ಮಾಡುವುದು ಕಂಡಿದೆ. ಮನುಷ್ಯರ ಮೇಲಿನ ಪ್ರಯೋಗಗಳು ಮಾತ್ರ ಒಂದೇ ಮಾತು ಹೇಳುವುದಿಲ್ಲ.

2007ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ತುಸು ತಗ್ಗಿದ್ದ 389 ಮಹಿಳೆಯರಿದ್ದರು. ದಿನಕ್ಕೆ 54 ಮಿಲಿಗ್ರಾಂ ಶುದ್ಧ ಜೆನಿಸ್ಟೀನ್ ಪಡೆದವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಎರಡು ವರ್ಷಗಳಲ್ಲಿ ಏರಿತು. ಜೆನಿಸ್ಟೀನ್ ಇಲ್ಲದ ಬರಿ ಮಾತ್ರೆ (ಪ್ಲಸೀಬೊ) ನುಂಗಿದವರದ್ದು ಇಳಿಯಿತು. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಗುಂಪಿಗೆ ಸಿಕ್ಕಿತ್ತು. 2011ರಲ್ಲಿ ಅಮೆರಿಕದ 248 ಮಹಿಳೆಯರ ಮೇಲಿನ ಪ್ರಯೋಗ ಇದಕ್ಕೆ ತದ್ವಿರುದ್ಧ. ದಿನಕ್ಕೆ 200 ಮಿಲಿಗ್ರಾಂ ಸೋಯಾ ಐಸೋಫ್ಲೇವೋನ್ ಕೊಟ್ಟರೂ ಎರಡು ವರ್ಷಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇ 2ರಷ್ಟು ಇಳಿಯಿತು. ಬರಿ ಮಾತ್ರೆಯ ಗುಂಪಿನಲ್ಲಿ ಶೇ 2.3. ಅಂದರೆ ವ್ಯತ್ಯಾಸವೇ ಇಲ್ಲ. 2012ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಸೋಯಾ ಐಸೋಫ್ಲೇವೋನ್‌ನಿಂದ ಮೂಳೆ ಸಾಂದ್ರತೆ ಉಳಿಯುತ್ತದೆ ಎಂಬ ಹೇಳಿಕೆಗೆ ಸಾಕಷ್ಟು ಆಧಾರವಿಲ್ಲ ಎಂದಿತು.

ಫಲಿತಾಂಶ ಹೀಗೆ ಚದುರಲು ಒಂದು ಕಾರಣ ಕರುಳಿನಲ್ಲಿದೆ. ಡೈಡ್ಜೀನ್ ಅನ್ನು ಇನ್ನೂ ಬಲವಾದ ಈಕ್ವಾಲ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಶೇ 25–30 ಮಂದಿಯಲ್ಲಿ, ಜಪಾನ್, ಚೀನಾ, ಕೊರಿಯಾಗಳಲ್ಲಿ ಶೇ 50–60 ಮಂದಿಯಲ್ಲಿ ಇವು ಇವೆ. ಅಗಸೆಯ ಲಿಗ್ನಾನ್ ಕತೆಯೂ ಇದೇ: ಬ್ಯಾಕ್ಟೀರಿಯಾ ಅದನ್ನು ಎಂಟೆರೊಲ್ಯಾಕ್ಟೋನ್ ಮಾಡಿದ ಮೇಲೆಯೇ ರಕ್ತಕ್ಕೆ ಸಿಗುವುದು. ಆ್ಯಂಟಿಬಯಾಟಿಕ್ ತೆಗೆದುಕೊಂಡರೆ ಈ ಮಾರ್ಪಾಟು ಕುಗ್ಗುತ್ತದೆ. ಅಗಸೆಯ ಇಡೀ ಬೀಜ ನುಂಗಿದರೆ ಬಹುಪಾಲು ಹಾಗೇ ಹೊರಹೋಗುತ್ತದೆ. ಪುಡಿ ಮಾಡಿಯೇ ತಿನ್ನಬೇಕು. ಮಾಡಿದರೂ ಮೂಳೆಗೆ ಲಾಭವಿದೆ ಎನ್ನಲು ಪುರಾವೆ ತೀರಾ ತೆಳು.

ಇನ್ನೊಂದು ಗೊಂದಲ ಐಸೋಫ್ಲೇವೋನ್ ಮಾತ್ರೆಗಳ ಡಬ್ಬಿಯ ಚೀಟಿಯಲ್ಲಿ. ಸಸ್ಯದಲ್ಲಿ ಐಸೋಫ್ಲೇವೋನ್‌ಗೆ ಸಕ್ಕರೆಯ ಅಣುವೊಂದು ಅಂಟಿಕೊಂಡಿರುತ್ತದೆ. ಕರುಳಿನಲ್ಲಿ ಅದು ಕಳಚಿದ ಮೇಲೆಯೇ ಹೀರಿಕೆ. ಸಕ್ಕರೆ ಸಹಿತ ರೂಪವಾದ ಜೆನಿಸ್ಟಿನ್‌ನ ಅಣುತೂಕ 432, ಸಕ್ಕರೆ ಕಳಚಿದ ಜೆನಿಸ್ಟೀನ್‌ನದ್ದು 270. ಚೀಟಿಯಲ್ಲಿ ‘125 ಮಿಲಿಗ್ರಾಂ ಸೋಯಾ ಸಾರ, ಶೇ 40 ಐಸೋಫ್ಲೇವೋನ್’ ಎಂದಿದ್ದರೆ ಐಸೋಫ್ಲೇವೋನ್ 50 ಮಿಲಿಗ್ರಾಂ. ಅದು ಸಕ್ಕರೆ ಸಹಿತ ಲೆಕ್ಕವಾಗಿದ್ದರೆ ಕೆಲಸಕ್ಕೆ ಬರುವುದು ಸುಮಾರು 31 ಮಾತ್ರ. ಯಾವ ಲೆಕ್ಕ ಎಂದು ಬರೆಯದ ಡಬ್ಬಿಯನ್ನು ಪ್ರಯೋಗದ ಪ್ರಮಾಣದ ಜೊತೆ ಹೋಲಿಸಿ ಉಪಯೋಗವಿಲ್ಲ.

ಆಹಾರದಲ್ಲಾದರೆ 100 ಗ್ರಾಂ ತೋಫುವಿನಲ್ಲಿ (ಸೋಯಾ ಹಾಲಿನ ಪನೀರ್) ಸುಮಾರು 20–30 ಮಿಲಿಗ್ರಾಂ ಐಸೋಫ್ಲೇವೋನ್ ಸಿಗುತ್ತದೆ. ಸೋಯಾ ಎಣ್ಣೆಯಲ್ಲಿ ಇಲ್ಲವೆಂದೇ ಹೇಳಬೇಕು. ಆಲ್ಕೊಹಾಲ್‌ನಿಂದ ತೊಳೆದು ತಯಾರಿಸಿದ ಸೋಯಾ ಪ್ರೊಟೀನ್ ಪುಡಿಯಲ್ಲೂ ಬಹುಪಾಲು ಕಳೆದುಹೋಗಿರುತ್ತದೆ. ಕ್ಯಾಲ್ಸಿಯಂ ಲವಣ ಹಾಕಿ ಗಟ್ಟಿ ಮಾಡಿದ ತೋಫು ತಿಂದರೆ ಪ್ರೊಟೀನು, ಕ್ಯಾಲ್ಸಿಯಂ ಎರಡೂ ಸಿಗುತ್ತವೆ. ಮೂಳೆಗೆ ಇದೇ ಖಚಿತವಾದ ಲಾಭ.

ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾಕ್ಕೂ ಮಾತ್ರೆಗೂ 4 ಗಂಟೆ ಅಂತರ ಇಡುವುದು ಒಳ್ಳೆಯದು. ಮಾತ್ರೆಯ ಹೀರಿಕೆಗೆ ಸೋಯಾ ಅಡ್ಡಬರುತ್ತದೆ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು, ಅದರಲ್ಲೂ ಈಸ್ಟ್ರೋಜನ್ ಗ್ರಾಹಕವನ್ನು ತಡೆಯುವ ಟ್ಯಾಮಾಕ್ಸಿಫೆನ್ ಔಷಧ ಸೇವಿಸುವವರು, ವೈದ್ಯರನ್ನು ಕೇಳದೆ ಸಾಂದ್ರೀಕೃತ ಮಾತ್ರೆ ಶುರುಮಾಡಬಾರದು. ಮೂಳೆ ಸಾಂದ್ರತೆಯನ್ನು ಆರೋಗ್ಯವಂತ ಯುವವಯಸ್ಕರ ಸರಾಸರಿಗೆ ಹೋಲಿಸುವ ಅಂಕವಾದ ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗಿದ್ದರೆ, ಇಲ್ಲವೇ ಸಣ್ಣ ಬೀಳುವಿಕೆಗೇ ಮೂಳೆ ಮುರಿದಿದ್ದರೆ, ಸೋಯಾ ಮಾತ್ರೆ ನಂಬಿ ಔಷಧವನ್ನು ಮುಂದೂಡುವುದು ಅಪಾಯ: ಮೂಳೆ ಮುರಿತ ತಗ್ಗಿಸುತ್ತದೆಂದು ಸಾಬೀತಾದ ಔಷಧಗಳಿವೆ, ಐಸೋಫ್ಲೇವೋನ್ ಆ ಪಟ್ಟಿಯಲ್ಲಿಲ್ಲ. ಮಾತ್ರೆ ಶುರುಮಾಡಿ ಮೂರು ತಿಂಗಳಿಗೇ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಶೇ 1 ಏರಿತು ಎಂದು ಹಿಗ್ಗುವುದೂ ಬೇಡ. ಯಂತ್ರದ ಅಳತೆಯೇ ಅಷ್ಟು ಹೆಚ್ಚುಕಡಿಮೆಯಾಗುತ್ತದೆ. ಒಂದೆರಡು ವರ್ಷ ಬಿಟ್ಟು, ಸಾಧ್ಯವಾದರೆ ಅದೇ ಯಂತ್ರದಲ್ಲಿ, ಮತ್ತೆ ಅಳೆಸಬೇಕು.