ಆರು ಮೀಟರ್ ವ್ಯಾನಿನಲ್ಲಿ ಮೂವರ ಸಂಸಾರ: ಸಾಮಾನು ಎಲ್ಲಿಡುವುದು?

ಪ್ರಶ್ನೆ: ನಾವು ಯುರೋಪಿನಲ್ಲಿದ್ದೇವೆ. ಫಿಯಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದ, ಆರು ಮೀಟರ್ ಉದ್ದದ ಹಳೆಯ ಮೋಟರ್‌ಹೋಮ್ ಕೊಂಡಿದ್ದೇವೆ. ನಾವಿಬ್ಬರು ಮತ್ತು ಏಳು ವರ್ಷದ ಮಗು. ಬೇಸಿಗೆ ರಜೆಯಷ್ಟೂ ಅದರಲ್ಲೇ ಇರುವ ಯೋಚನೆ. ದಿನವೂ ಹೊರಗಿನ ಊಟ ಒಗ್ಗುವುದಿಲ್ಲ, ಅಡುಗೆ ನಮ್ಮದೇ. ಇಷ್ಟೆಲ್ಲ ಸಾಮಾನು ಎಲ್ಲಿಡುವುದು? ಯಾವ ಡಬ್ಬಿ, ಯಾವ ಕೊಕ್ಕೆ, ಯಾವ ಸ್ಟ್ಯಾಂಡ್ ಕೊಂಡರೆ ಒಳ್ಳೆಯದು?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಇಂಥ ವ್ಯಾನಿನಲ್ಲಿ ಜಾಗ ಮುಗಿಯುವ ಮೊದಲೇ ತೂಕ ಮುಗಿಯುತ್ತದೆ. ಕಪಾಟಿನಲ್ಲಿ ಇನ್ನೂ ಖಾಲಿ ಇದೆಯಲ್ಲ ಎಂದು ತುಂಬುತ್ತ ಹೋದವರು ಕಾನೂನಿನ ಮಿತಿ ದಾಟಿದ್ದು ತಿಳಿಯದೆ ರಸ್ತೆಯಲ್ಲಿರುತ್ತಾರೆ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ಡಬ್ಬಿ.

ನಿಮ್ಮ ಗಾತ್ರದ ವ್ಯಾನುಗಳು ಸಾಮಾನ್ಯವಾಗಿ ಒಟ್ಟು 3500 ಕೆಜಿಗೆ ನೋಂದಣಿಯಾಗಿರುತ್ತವೆ. ಕಾರಣ ಲೈಸೆನ್ಸ್. ಬಿ ವರ್ಗದ ಕಾರ್ ಲೈಸೆನ್ಸ್‌ನಲ್ಲಿ ಡೀಸೆಲ್ ಮೋಟರ್‌ಹೋಮ್ ಓಡಿಸುವವರಿಗೆ ಈವರೆಗೆ ರೂಢಿಯಲ್ಲಿರುವ ಮಿತಿ ಅದು. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕೆ ಮೊದಲು ಕಾರ್ ಪರೀಕ್ಷೆ ಪಾಸಾದವರಿಗೆ 7500 ಕೆಜಿವರೆಗೆ ಅನುಮತಿ ಉಂಟು. ಆದರೆ ಭಾರತದಿಂದ ಹೋದವರು ಅಲ್ಲಿ ಹೊಸದಾಗಿ ಪರೀಕ್ಷೆ ಬರೆಯಬೇಕು, ಹಾಗಾಗಿ ನಮ್ಮವರಲ್ಲಿ ಬಹುತೇಕರು 3500ರ ಒಳಗೇ ಇರಬೇಕಾದವರು.

ಒಂದು ಮಾದರಿ ಲೆಕ್ಕ ಹಾಕೋಣ. ದಾಖಲೆಯಲ್ಲಿ ವ್ಯಾನಿನ ಚಾಲನಾ ಸ್ಥಿತಿಯ ತೂಕ 2950 ಕೆಜಿ ಎಂದಿದೆ ಅಂದುಕೊಳ್ಳಿ. ಇದರಲ್ಲಿ 75 ಕೆಜಿಯ ಚಾಲಕ ಮತ್ತು 90 ಶೇಕಡಾ ತುಂಬಿದ ಡೀಸೆಲ್ ಟ್ಯಾಂಕ್ ಸೇರಿರುತ್ತವೆ. ಉಳಿದದ್ದು 550. ಇನ್ನೊಬ್ಬ ದೊಡ್ಡವರು, ಮಗು ಸೇರಿ 90 ಹೋಯಿತು. ನೀರಿನ ಟ್ಯಾಂಕ್ 100 ಲೀಟರ್ ಹಿಡಿದರೂ ಎಷ್ಟೋ ತಯಾರಕರು ತಮ್ಮ ಲೆಕ್ಕಕ್ಕೆ 20 ಲೀಟರ್ ಮಾತ್ರ ಹಿಡಿಯುತ್ತಾರೆ. ತುಂಬಿಸಿ ಹೊರಟರೆ ಇನ್ನೂ 80 ಕೆಜಿ. ಪಕ್ಕದ ಬಿಸಿಲುಚಾವಣಿ 25, ಎರಡನೆಯ ಸೀಸದ ಬ್ಯಾಟರಿ 30, ಹಿಂಬಾಗಿಲ ಸ್ಟ್ಯಾಂಡ್ ಮತ್ತು ಎರಡು ಎಲೆಕ್ಟ್ರಿಕ್ ಸೈಕಲ್ 70, ಮೇಜು ಕುರ್ಚಿ ಕೇಬಲ್ ಎಲ್ಲ ಸೇರಿ 30. ಕಳೆದರೆ ಉಳಿಯುವುದು 225 ಕೆಜಿ. ಹಾಸಿಗೆ ಬಟ್ಟೆ, ಮೂವರ ಉಡುಪು, ಪಾತ್ರೆ, ದಿನಸಿ, ಆಟಿಕೆ, ಪುಸ್ತಕ ಎಲ್ಲವೂ ಇದರೊಳಗೆ. ಇಷ್ಟಕ್ಕೇ ಮುಗಿಯಲಿಲ್ಲ. ಯುರೋಪಿನ ನಿಯಮದಲ್ಲಿ ತಯಾರಕರು ಹೇಳುವ ತೂಕಕ್ಕೆ 5 ಶೇಕಡಾ ಹೆಚ್ಚುಕಡಿಮೆಯ ವಿನಾಯಿತಿ ಇದೆ. 2950ಕ್ಕೆ ಅದು 147 ಕೆಜಿ! ದುರದೃಷ್ಟಕ್ಕೆ ನಿಮ್ಮ ವ್ಯಾನ್ ಭಾರದ ಕಡೆಗಿದ್ದರೆ ಕೈಯಲ್ಲಿ ಉಳಿಯುವುದು ಎಂಬತ್ತು ಕೆಜಿಯಷ್ಟೇ.

ಹೀಗಾಗಿ ಕಾಗದ ನಂಬಬೇಡಿ, ವೇಬ್ರಿಜ್‌ಗೆ ಹೋಗಿ. ನಿಜವಾಗಿ ಹೊರಡುವ ದಿನದಂತೆ ಎಲ್ಲ ತುಂಬಿಸಿ, ಎಲ್ಲರೂ ಕೂತು ತೂಗಿಸಿ. ಮುಂದಿನ ಚಕ್ರಗಳನ್ನೂ ಹಿಂದಿನವನ್ನೂ ಬೇರೆಬೇರೆಯಾಗಿ ತೂಗಿಸುವುದು ಮುಖ್ಯ, ಏಕೆಂದರೆ ಒಟ್ಟು ತೂಕದ ಜೊತೆಗೆ ಪ್ರತಿ ಆಕ್ಸಲ್‌ಗೂ (ಎಡ-ಬಲ ಚಕ್ರಗಳನ್ನು ಹೊರುವ ಅಚ್ಚಿಗೂ) ಅದರದೇ ಮಿತಿ ಇದೆ. ಹಿಂಬಾಗಿಲಿಗೆ ನೇತುಹಾಕಿದ ಭಾರದ ಪರಿಣಾಮ ನೋಡಿ. ಆರು ಮೀಟರ್ ಡುಕಾಟೊದಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 4 ಮೀಟರ್. ಸೈಕಲ್‌ಗಳು ಹಿಂದಿನ ಆಕ್ಸಲ್‌ನಿಂದ ಸುಮಾರು 1.3 ಮೀಟರ್ ಆಚೆ ತೂಗುತ್ತವೆ. ಹಾಗಾಗಿ ಅಲ್ಲಿಟ್ಟ 60 ಕೆಜಿ ಹಿಂದಿನ ಆಕ್ಸಲ್ ಮೇಲೆ 80 ಕೆಜಿಯಾಗಿ ಕೂರುತ್ತದೆ, ಮುಂದಿನಿಂದ 20 ಕೆಜಿ ಎತ್ತಿಬಿಡುತ್ತದೆ. ಡುಕಾಟೊ ಮುಂಚಕ್ರದಿಂದ ಓಡುವ ಗಾಡಿ. ಮುಂಭಾಗ ಹಗುರಾದಷ್ಟೂ ಮಳೆಬಿದ್ದ ಹುಲ್ಲಿನ ಮೇಲೆ ಚಕ್ರ ಸುಮ್ಮನೆ ಜಾರುತ್ತ ತಿರುಗುತ್ತದೆ. ಸೈಕಲ್ ಬೇಡ ಎನ್ನುತ್ತಿಲ್ಲ, ಅದಕ್ಕೆ ತೆರುವ ಬೆಲೆ ಗೊತ್ತಿರಲಿ.

ತೂಕ ಇಳಿಸಲು ಅತಿ ಸುಲಭದ ದಾರಿ ನೀರು. ಒಂದು ಕ್ಯಾಂಪಿಂಗ್ ತಾಣದಿಂದ ಇನ್ನೊಂದಕ್ಕೆ ಹೋಗುವಾಗ 20-30 ಲೀಟರ್ ಸಾಕು, ತಲುಪಿದ ಮೇಲೆ ತುಂಬಿಸಿ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಮುಂದೆಂದಾದರೂ ಕೆಟ್ಟಾಗ ಲಿಥಿಯಂ ಐರನ್ ಫಾಸ್ಫೇಟ್ ಹಾಕಿಸಿ. ಅದೇ ಅಳತೆಯದು 11-13 ಕೆಜಿ ಇರುತ್ತದೆ.

ಇನ್ನು ಎಲ್ಲಿ ಏನು. ಭಾರದ್ದು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ: ಊಟದ ಸೀಟಿನ ಕೆಳಗೆ, ಅಡುಗೆ ಕಟ್ಟೆಯ ತಳದ ಡ್ರಾಯರ್‌ನಲ್ಲಿ. ಅಕ್ಕಿ, ಎಣ್ಣೆ, ಕುಕ್ಕರ್, ಉಪಕರಣದ ಪೆಟ್ಟಿಗೆ ಅಲ್ಲಿಗೆ. ಮೇಲಿನ ನಾಗಂದಿಗೆ ಕಪಾಟುಗಳಿಗೆ ಬಟ್ಟೆ, ಟಿಶ್ಯೂ, ಚುರುಮುರಿ, ಹಪ್ಪಳ. ಮೇಲೆ ಭಾರವಾದರೆ ತಿರುವಿನಲ್ಲಿ ಗಾಡಿ ಒಲೆಯುತ್ತದೆ, ಮುಚ್ಚಳದ ಚಿಲಕವೂ ಒಂದು ದಿನ ಸೋಲುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಬೇಳೆಯ ಡಬ್ಬಿ ಮಗುವಿನ ತಲೆಯ ಮೇಲೆ ಬೀಳಬಾರದು. ಚಾವಣಿಯ ಮೇಲಿನ ಪೆಟ್ಟಿಗೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಭಾರ ಮೇಲಕ್ಕೇರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಎತ್ತರ ಬದಲಾದದ್ದು ಸೇತುವೆಯ ಕೆಳಗೆ ನೆನಪಾಗುತ್ತದೆ. ಹಾಕಲೇಬೇಕಾದರೆ ಹೊಸ ಎತ್ತರವನ್ನು ಚಾಲಕನ ಕಣ್ಣೆದುರು ಬರೆದು ಅಂಟಿಸಿ.

ಹಿಂದಿನ ಅಡ್ಡ ಹಾಸಿಗೆಯ ಕೆಳಗಿನ ಗ್ಯಾರೇಜ್ ಎಂಬ ಸಾಮಾನಿನ ಗೂಡು ನಿಮ್ಮ ದೊಡ್ಡ ಆಸ್ತಿ. ಅಲ್ಲಿಗೆ ಚೀಲ ಬೇಡ, ಯೂರೋಬಾಕ್ಸ್ ತನ್ನಿ. 60×40 ಸೆಂಮೀ ಅಳತೆಯ ಈ ಗಟ್ಟಿ ಕ್ರೇಟುಗಳು ಒಂದರ ಮೇಲೊಂದು ಕಚ್ಚಿ ಕೂರುತ್ತವೆ. 40×30ರ ಎರಡು ಸೇರಿದರೆ ದೊಡ್ಡದೊಂದರ ಜಾಗ. ಎಲ್ಲವೂ ಒಂದೇ ಅಳತೆಯ ಕುಟುಂಬವಾದ್ದರಿಂದ ಮುಂದೆ ಯಾವುದನ್ನು ಸೇರಿಸಿದರೂ ಹೊಂದುತ್ತದೆ. ಹೊರಬಾಗಿಲ ಕಡೆಗೆ ಹೊರಗಿನ ಸಾಮಾನು, ಒಳಗಿನ ಕಡೆಗೆ ಶುಚಿಯಾದದ್ದು. ಕುಡಿಯುವ ನೀರಿನ ಪೈಪ್ ಮತ್ತು ಶೌಚದ ಕ್ಯಾಸೆಟ್ (ಹೊರತೆಗೆದು ಖಾಲಿ ಮಾಡುವ ಮಲದ ಪೆಟ್ಟಿಗೆ) ತೊಳೆಯುವ ಪೈಪ್ ಎಂದೂ ಒಂದೇ ಪೆಟ್ಟಿಗೆಯಲ್ಲಿ ಇರಕೂಡದು. ನಮ್ಮ ಮನೆಗಳ ಮಡಿ-ಮೈಲಿಗೆಯ ಲೆಕ್ಕ ಇಲ್ಲಿ ಆರೋಗ್ಯದ ಲೆಕ್ಕ. ವಿದ್ಯುತ್ ಕೇಬಲ್ ಸುಲಭವಾಗಿ ಹೊರಬರುವಂತಿರಲಿ, ಬಳಸುವಾಗ ಪೂರ್ತಿ ಬಿಚ್ಚಬೇಕು. ಸುರುಳಿಯಲ್ಲೇ ಹೆಚ್ಚು ವಿದ್ಯುತ್ ಹರಿದರೆ ಅದು ಬಿಸಿಯೇರುತ್ತದೆ. ಕ್ರೇಟುಗಳನ್ನು ಪಟ್ಟಿಯಿಂದ ನೆಲದ ಕೊಂಡಿಗೆ ಬಿಗಿಯಿರಿ.

ತುಂಬುವ ಉತ್ಸಾಹದಲ್ಲಿ ಮುಚ್ಚಬಾರದ ಜಾಗಗಳಿವೆ. ನೆಲದಲ್ಲಿ, ಗ್ಯಾಸ್ ಪೆಟ್ಟಿಗೆಯ ತಳದಲ್ಲಿ ತೂತುಗಳಿರುತ್ತವೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಅಲ್ಲಿಂದಲೇ ಕೆಳಗಿಳಿದು ಹೋಗಬೇಕು. ಅದರ ಮೇಲೆ ಚಾಪೆ, ಪೆಟ್ಟಿಗೆ ಇಡಬೇಡಿ. ಹೀಟರಿನ ಬಿಸಿಗಾಳಿ ಕೊಳವೆಯ ಬಾಯಿ, ಫ್ಯೂಸ್ ಪೆಟ್ಟಿಗೆ, ನೀರಿನ ಪಂಪು ಕೈಗೆಟುಕುವಂತಿರಲಿ. ನಿಮ್ಮಲ್ಲಿ ಗಾಳಿಯನ್ನೂ ನೀರನ್ನೂ ಬಿಸಿಮಾಡುವ ಟ್ರೂಮಾ ಕಾಂಬಿ ಹೀಟರ್ ಇದ್ದರೆ ಅದರ ಬಳಿ ಫ್ರಾಸ್ಟ್‌ಕಂಟ್ರೋಲ್ ಎಂಬ ಕವಾಟ ಇರುತ್ತದೆ. ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದರೆ ತಾನಾಗಿ ತೆರೆದು ಬಾಯ್ಲರಿನ ನೀರನ್ನು ಹೊರಬಿಡುತ್ತದೆ. ಆಲ್ಪ್ಸ್‌ನ ಎತ್ತರದ ತಾಣದಲ್ಲಿ ಬೇಸಿಗೆಯಲ್ಲೂ ಅಂಥ ರಾತ್ರಿ ಬರಬಹುದು. ಬೆಳಿಗ್ಗೆ ಕವಾಟವನ್ನು ಮತ್ತೆ ಮುಚ್ಚುವ ಗುಂಡಿ ಹುಡುಕಲು ಆರು ಕ್ರೇಟ್ ಎತ್ತುವಂತಾಗಬಾರದು.

ಅಡುಗೆಯ ವಿಷಯ ನನಗೆ ಬಹಳ ಪ್ರೀತಿಯದು, ಹಾಗಾಗಿ ವಿವರವಾಗಿ ಹೇಳುತ್ತೇನೆ. ವ್ಯಾನಿನಲ್ಲಿ ಅನ್ನ-ಸಾರು ಬಿಡಬೇಕಾಗಿಲ್ಲ. ಮೂರು ಲೀಟರ್ ಕುಕ್ಕರ್, ಅದರೊಳಗೆ ಕೂರುವ ಎರಡು ಡಬ್ಬಿ, ಹಿಡಿ ಕಳಚುವ ಒಂದು ಬಾಣಲೆ, ಒಂದು ಬೋಗುಣಿ, ಒಗ್ಗರಣೆ ಸೌಟು ಇಷ್ಟಿದ್ದರೆ ಮೂವರ ಊಟ ಆಗುತ್ತದೆ. ಅನ್ನವೂ ಬೇಳೆಯೂ ಒಂದೇ ಕುಕ್ಕರಿನಲ್ಲಿ ಬೆಂದರೆ ಗ್ಯಾಸ್ ಉಳಿಯುವುದರ ಜೊತೆಗೆ ವ್ಯಾನಿನೊಳಗೆ ಹಬೆಯೂ ಕಡಿಮೆ. ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿದ ಸಾರಿನ ಹಬೆ ರಾತ್ರಿ ಕಿಟಕಿಯ ಮೇಲೆ, ಹಾಸಿಗೆಯ ಅಡಿಯಲ್ಲಿ ನೀರಾಗಿ ಇಳಿಯುತ್ತದೆ. ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ ಪದರ ಹಾಕಿ, ಗ್ಯಾರೇಜಿನ ಸಾಮಾನು ಹಾಸಿಗೆಯ ಪಟ್ಟಿಗೆ ತಾಗದಂತೆ ಒಂದು ಗೇಣು ಬಿಡಿ.

ದಿನಸಿಗೆ ಚೌಕ ಡಬ್ಬಿಗಳೇ ಸರಿ. ಚೌಕದ ಜಾಗದಲ್ಲಿ ದುಂಡು ಡಬ್ಬಿ ಕೂತರೆ ಐದರಲ್ಲೊಂದು ಪಾಲಿಗೂ ಹೆಚ್ಚು ಜಾಗ ಮೂಲೆಗಳಲ್ಲಿ ಹೋಗುತ್ತದೆ. ಸ್ಟೀಲ್ ಡಬ್ಬಿ ಚೆಂದ, ಆದರೆ ಭಾರ, ಮೇಲಾಗಿ ದಾರಿಯುದ್ದಕ್ಕೂ ಗಲಗಲ ಸದ್ದು. ತೆಳು ಪ್ಲಾಸ್ಟಿಕ್ ಡಬ್ಬಿ ಸಾಕು. ಅಕ್ಕಿ, ಬೇಳೆ, ರವೆ ವಾರಕ್ಕಾಗುವಷ್ಟು ಮಾತ್ರ ಇರಲಿ. ಬರ್ಲಿನ್, ಪ್ಯಾರಿಸ್, ಲಂಡನ್ನಿನಂಥ ದೊಡ್ಡ ಊರುಗಳಲ್ಲಿ ಏಷ್ಯನ್ ಅಂಗಡಿ ಸಿಗುತ್ತದೆ, ಹತ್ತು ಕೆಜಿ ಸೋನಾಮಸೂರಿ ಹೊತ್ತು ಗುಡ್ಡ ಏರಬೇಕಾಗಿಲ್ಲ. ಮನೆಯಿಂದಲೇ ತರಬೇಕಾದದ್ದು ಅಲ್ಲೆಲ್ಲೂ ಸಿಗದ್ದು: ನಿಮ್ಮ ಮನೆಯ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಇವು ಹಗುರ, ಕೆಡುವುದಿಲ್ಲ, ಮಿಕ್ಸಿಯ ಕೆಲಸವನ್ನೂ ತಪ್ಪಿಸುತ್ತವೆ. 500 ವಾಟ್ ಮಿಕ್ಸಿ ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 45-50 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ವೈರ್, ದೊಡ್ಡ ಇನ್ವರ್ಟರ್, ಮತ್ತೆ ತೂಕ. ತೆಂಗಿನಕಾಯಿ ಚಟ್ನಿ ಬೇಕೇ ಬೇಕೆಂದರೆ ಕರೆಂಟ್ ಇರುವ ತಾಣದಲ್ಲಿ ಮಾಡಿ.

ಉಪ್ಪಿನಕಾಯಿಗೆ ಒಂದು ಎಚ್ಚರ. ಆಸ್ಟ್ರಿಯದ ಗ್ರೋಸ್‌ಗ್ಲಾಕ್ನರ್ ರಸ್ತೆ ಹೋಖ್‌ಟೋರ್ ಕಣಿವೆದಾರಿಯ ಬಳಿ 2504 ಮೀಟರ್ ಎತ್ತರಕ್ಕೆ ಏರುತ್ತದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಷ್ಟೇ. ಚಿಪ್ಸ್ ಪೊಟ್ಟಣ ಉಬ್ಬುತ್ತದೆ, ಕೆಳಗೆ ಬಿಗಿಯಾಗಿ ಮುಚ್ಚಿದ ಉಪ್ಪಿನಕಾಯಿ ಬಾಟಲಿಯಿಂದ ಎಣ್ಣೆ ಹೊರಗೆ ಒಸರುತ್ತದೆ. ಸಣ್ಣ ಬಾಟಲಿಗೆ ಮುಕ್ಕಾಲು ತುಂಬಿಸಿ, ಹಳೆಯ ಕಾಲುಚೀಲದೊಳಗೆ ಇಳಿಸಿ, ಮೇಲೊಂದು ಪ್ಲಾಸ್ಟಿಕ್ ಚೀಲ ಹಾಕಿ ನೆಟ್ಟಗೆ ನಿಲ್ಲಿಸಿ. ಕಾಲುಚೀಲದಿಂದ ಗಾಜು ಗಾಜಿಗೆ ತಾಗುವುದೂ ತಪ್ಪುತ್ತದೆ. ದೋಸೆ ಹಿಟ್ಟನ್ನು ಡಬ್ಬಿಯ ಅರ್ಧಕ್ಕೆ ಮೀರಿ ತುಂಬಬೇಡಿ, ಹುದುಗಿದಾಗ ಅದು ಕೇಳದೆ ಹೊರಬರುತ್ತದೆ. ತಟ್ಟೆಗಳ ನಡುವೆ ತೆಳು ಬಟ್ಟೆ, ಕಪಾಟಿನ ತಳಕ್ಕೆ ರಬ್ಬರ್ ಜಾಲರಿ ಹಾಸಿದರೆ ಅರ್ಧ ಸದ್ದು ನಿಲ್ಲುತ್ತದೆ.

ಬಟ್ಟೆಗೆ ಹೆಚ್ಚು ಯೋಚನೆ ಬೇಡ. ಒಬ್ಬರಿಗೊಂದು ಮೆತ್ತನೆ ಚೀಲ, ಬೇರೆ ಬೇರೆ ಬಣ್ಣ, ಒಂದು ವಾರದಷ್ಟು ಉಡುಪು. ಜೀನ್ಸ್ ಒಂದು ಸಾಕು, ಅದು ಒಣಗುವುದೇ ಇಲ್ಲ. ದಪ್ಪ ಟರ್ಕಿ ಟವೆಲ್‌ಗಳನ್ನು ಮನೆಯಲ್ಲೇ ಬಿಟ್ಟು ನಮ್ಮ ಕಡೆಯ ತೆಳು ಹತ್ತಿ ಬೈರಾಸು ಒಯ್ಯಿರಿ. ಮಡಿಸಿದರೆ ಅಂಗೈಯಷ್ಟಾಗುತ್ತದೆ, ಗಾಳಿಗೆ ಹಿಡಿದರೆ ಬೇಗ ಒಣಗುತ್ತದೆ, ಬಿಸಿಲಿಗೆ ಕಿಟಕಿ ಪರದೆಯೂ ಆಗುತ್ತದೆ. ಹೆಚ್ಚುವರಿ ಹೊದಿಕೆಯನ್ನು ಜಿಪ್ ಇರುವ ದಿಂಬಿನ ಚೀಲದಲ್ಲಿ ತುಂಬಿಡಿ. ಹಗಲು ಅದು ಒರಗು ದಿಂಬು. ಒದ್ದೆ ಜಾಕೆಟ್‌ಗೆ ಸ್ನಾನದ ಗೂಡು, ಪಾದರಕ್ಷೆಗೆ ಜಾರುಬಾಗಿಲ ಮೆಟ್ಟಿಲಲ್ಲಿ ಒಂದು ತಟ್ಟೆ.

ಕೊಕ್ಕೆ ಹಾಕುವಾಗ ಒಂದು ಮಾತು. ಒಳಗಿನ ಪೀಠೋಪಕರಣ ಸುಮಾರು 15 ಮಿಮೀ ದಪ್ಪದ ಹಗುರ ಪ್ಲೈವುಡ್. ಉದ್ದ ಸ್ಕ್ರೂ ಆಚೆ ಬರುತ್ತದೆ, ಗೋಡೆಯ ಹಿಂದೆ ವೈರ್ ಅಥವಾ ಗ್ಯಾಸ್ ಕೊಳವೆ ಇರಬಹುದು. 12 ಮಿಮೀ ಸ್ಕ್ರೂ ಬಳಸಿ, ಹಿಂದೆ ಏನಿದೆ ಎಂದು ನೋಡದೆ ಕೊರೆಯಬೇಡಿ. ಅಂಟು ಕೊಕ್ಕೆಗಳು ಬಿಸಿಲಲ್ಲಿ ನಿಂತ ವ್ಯಾನಿನ ಶಾಖಕ್ಕೆ ಬಿಡುತ್ತವೆ, ಆದ್ದರಿಂದ ಅವುಗಳಿಗೆ ಟೋಪಿ, ಕೀಲಿಯಂಥ ಹಗುರ ವಸ್ತು ಮಾತ್ರ.

ಮಗುವಿಗೆ ಅದರದೇ ಒಂದು 40×30 ಪೆಟ್ಟಿಗೆ ಕೊಡಿ, ಏನು ತುಂಬಬೇಕೆಂಬುದನ್ನು ಅದೇ ನಿರ್ಧರಿಸಲಿ. ಮುಚ್ಚಳ ಮುಚ್ಚಬೇಕು ಎಂಬುದೊಂದೇ ನಿಯಮ. ಊಟದ ಮೇಜು ರಾತ್ರಿ ಮಗುವಿನ ಹಾಸಿಗೆಯಾಗುವುದಾದರೆ ಅದರ ಸುತ್ತ ಯಾವುದನ್ನೂ ಕಾಯಂ ಇಡಬೇಡಿ, ದಣಿದ ಮಗುವನ್ನು ನಿಲ್ಲಿಸಿಕೊಂಡು ಸಾಮಾನು ತೆರವು ಮಾಡುವುದು ಕಷ್ಟ. ಗಾಡಿ ಹೊರಟ ಮೇಲೆ ಬಿಡಿಯಾಗಿ ಏನೂ ಇರಕೂಡದು, ಟ್ಯಾಬ್ಲೆಟ್, ನೀರಿನ ಬಾಟಲಿ ಸಹ. ಡಿಕ್ಕಿಯಾದರೆ ಬಿಡಿ ವಸ್ತು ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಹಾರಿ ಬಡಿಯುತ್ತದೆ. ಇದಕ್ಕಾಗಿಯೇ ಸೊಂಟದೆತ್ತರದ ಒಂದು ಕಪಾಟನ್ನು ಪೂರ್ತಿ ಖಾಲಿ ಬಿಡಿ. ಹೊರಡುವ ಮುನ್ನ ಮೇಜಿನ ಮೇಲಿದ್ದದ್ದೆಲ್ಲ, ಅರ್ಧ ತಿಂದ ಬ್ರೆಡ್ಡು, ಬಣ್ಣದ ಪೆನ್ಸಿಲ್, ಕನ್ನಡಕ, ಅದರೊಳಗೆ ಹೋಗಲಿ. ಅದೂ ತುಂಬಿ ಮುಚ್ಚಳ ಕೂರದಿದ್ದರೆ ವ್ಯಾನಿನಲ್ಲಿ ಸಾಮಾನು ಹೆಚ್ಚಾಗಿದೆ ಎಂದರ್ಥ. ಮುಂದಿನ ಊರಿನ ಅಂಚೆ ಕಚೇರಿಯಿಂದ ಒಂದು ಪೆಟ್ಟಿಗೆ ಮನೆಗೆ ಕಳಿಸಿ.