ವಿದೇಶದಲ್ಲಿ ಕೃಷಿ ಎಂಎಸ್ಸಿ: ಮೊದಲು ಥೀಸಿಸ್ ಎಲ್ಲಿ ಅಂತ ನೋಡಿ

ಬಿಎಸ್ಸಿ ಅಗ್ರಿ ಕೊನೆ ವರ್ಷಕ್ಕೆ ಬಂದವರು ಮೊದಲು ತೆಗೆದು ನೋಡುವುದು ರ‍್ಯಾಂಕಿಂಗ್ ಪಟ್ಟಿ. ಅಂತರರಾಷ್ಟ್ರೀಯ ಕೃಷಿ, ಅಂದರೆ ಬೇರೆ ಬೇರೆ ದೇಶಗಳ ಬೇಸಾಯದ ಅಧ್ಯಯನ, ಓದಬೇಕು ಅನ್ನುವವರಿಗೆ ಆ ಪಟ್ಟಿಯಿಂದ ಸಿಗುವುದು ಕಡಿಮೆ. ಥೀಸಿಸ್ (ಸಂಶೋಧನಾ ಪ್ರಬಂಧ) ಕೆಲಸ ಯಾವ ಹೊಲದಲ್ಲಿ, ಯಾವ ರೈತರ ಜೊತೆ ನಡೆಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯ ತಗೊಳ್ಳಿ. ಎಂಎಸ್ಸಿ 2 ವರ್ಷ, 120 ಕ್ರೆಡಿಟ್. ಎರಡನೇ ವರ್ಷದ ಹೆಚ್ಚಿನ ಪಾಲು ಥೀಸಿಸ್ ಮತ್ತು ಇಂಟರ್ನ್‌ಶಿಪ್‌ಗೇ ಹೋಗುತ್ತದೆ. ಹಾಗಿರುವಾಗ ಮೊದಲ ವರ್ಷದ ಪಾಠಪಟ್ಟಿ ನೋಡಿ ಕಾಲೇಜು ಆರಿಸಿದರೆ ಅರ್ಧವನ್ನೇ ನೋಡಿದ ಹಾಗೆ, ಅಲ್ವಾ?

ಜರ್ಮನಿಯ ಗಟಿಂಗನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳು ಜೊತೆಯಾಗಿ 'ಸಸ್ಟೈನಬಲ್ ಇಂಟರ್‌ನ್ಯಾಷನಲ್ ಅಗ್ರಿಕಲ್ಚರ್' ಎಂಬ ಕೋರ್ಸ್ ನಡೆಸುತ್ತವೆ. ಪಾಠ ಇಂಗ್ಲಿಷಿನಲ್ಲಿ. ನಮಗೆ ಇದು ಹತ್ತಿರದ್ದು. ಬೆಂಗಳೂರು ಬೆಳೆದಂತೆ ಸುತ್ತಲ ಹಳ್ಳಿಗಳ ಬೇಸಾಯ, ಹೈನುಗಾರಿಕೆ ಹೇಗೆ ಬದಲಾಗುತ್ತಿವೆ ಎಂಬುದನ್ನು ಇವರು 2016ರಿಂದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ಅಧ್ಯಯನ ಮಾಡಿದರು. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ತಾಕುಗಳಲ್ಲಿ ರಾಗಿ, ಅವರೆ, ಮುಸುಕಿನ ಜೋಳ ಬೆಳೆದು ಪ್ರಯೋಗ ಮಾಡಿದರು. ಇಂಥ ಯೋಜನೆಗಳಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಗೆ ದುಭಾಷಿಯ ಹಂಗಿಲ್ಲ. ರೈತ ಹೇಳಿದ್ದು ನೇರವಾಗಿ ಕಿವಿಗೆ ಬೀಳುತ್ತದೆ. ಅರ್ಜಿಯಲ್ಲಿ ಇದನ್ನು ಧೈರ್ಯವಾಗಿ ಬರೆಯಿರಿ.

ಕಾಸೆಲ್‌ನ ಕೃಷಿ ವಿಭಾಗ ಇರುವುದು ವಿಟ್ಸೆನ್‌ಹೌಸೆನ್ ಎಂಬ ಸಣ್ಣ ಊರಿನಲ್ಲಿ. 1898ರಲ್ಲಿ ಅಲ್ಲಿ ಶುರುವಾಗಿದ್ದು ಜರ್ಮನ್ ವಸಾಹತುಗಳಿಗೆ ಹೋಗುವವರನ್ನು ತಯಾರು ಮಾಡುವ ಶಾಲೆ. ಈಗ ಅದೇ ಊರು ಸಾವಯವ ಕೃಷಿ ಶಿಕ್ಷಣಕ್ಕೆ ಹೆಸರುವಾಸಿ. ಅಂತರರಾಷ್ಟ್ರೀಯ ಕೃಷಿ ಎಂಬ ವಿಷಯ ಎಲ್ಲಿಂದ ಹುಟ್ಟಿತು ಅಂತ ತಿಳಿದುಕೊಂಡೇ ಓದುವುದು ಒಳ್ಳೆಯದು.

ಅಮೆರಿಕದ್ದು ಬೇರೆ ದಾರಿ. 1862ರ ಮಾರಿಲ್ ಕಾಯ್ದೆಯಿಂದ ಹುಟ್ಟಿದ ಲ್ಯಾಂಡ್ ಗ್ರಾಂಟ್ (ಸರ್ಕಾರ ಕೊಟ್ಟ ಜಮೀನಿನ ಬಲದಿಂದ ಕಟ್ಟಿದ) ಕಾಲೇಜುಗಳಲ್ಲಿ ಬೋಧನೆ, ಸಂಶೋಧನೆ, ವಿಸ್ತರಣೆ (ತಿಳಿವಳಿಕೆಯನ್ನು ರೈತರಿಗೆ ಮುಟ್ಟಿಸುವುದು) ಮೂರೂ ಒಂದೇ ಕಡೆ. 1964ರಲ್ಲಿ ಆರಂಭವಾದ ನಮ್ಮ ಬೆಂಗಳೂರು ಕೃಷಿ ವಿವಿಗೂ ಅದೇ ಮಾದರಿ. ಅಮೆರಿಕದಲ್ಲಿ ಥೀಸಿಸ್ ಮಾಡುವವರಿಗೆ ಹಣ ಸಿಗುವುದು ಹೆಚ್ಚಾಗಿ ಪ್ರಾಧ್ಯಾಪಕರ ಯೋಜನೆಯ ಮೂಲಕ, ಅಸಿಸ್ಟೆಂಟ್‌ಶಿಪ್ (ಕೆಲಸ ಮಾಡಿಕೊಟ್ಟು ಪಡೆಯುವ ಸಂಭಾವನೆ) ರೂಪದಲ್ಲಿ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಅವರಿಗೆ ಇಮೇಲ್ ಬರೆಯಬೇಕು.

ಇನ್ನು ದುಡ್ಡು. ವಾಗೆನಿಂಗೆನ್‌ನಲ್ಲಿ ಯುರೋಪಿನ ಹೊರಗಿನವರಿಗೆ ಶುಲ್ಕ ತುಂಬಾ ಜಾಸ್ತಿ. ಜರ್ಮನಿಯಲ್ಲೂ ರಾಜ್ಯ ನೋಡಿಕೊಳ್ಳಿ. ಹೋಹೆನ್‌ಹೈಮ್ ವಿಶ್ವವಿದ್ಯಾಲಯ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಇಂಥವರಿಗೆ ಸೆಮಿಸ್ಟರ್‌ಗೆ 1500 ಯುರೋ ಹಾಕುತ್ತದೆ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ ಕೊಡುವ ಎಪೋಸ್ (EPOS) ವಿದ್ಯಾರ್ಥಿವೇತನಕ್ಕೆ ಡಿಗ್ರಿ ನಂತರ ಕನಿಷ್ಠ 2 ವರ್ಷದ ಕೆಲಸದ ಅನುಭವ ಬೇಕು. ಡಿಗ್ರಿ 6 ವರ್ಷಕ್ಕಿಂತ ಹಳೆಯದಾಗಿರಬಾರದು. ಹಾಗಾಗಿ ರೈತ ಉತ್ಪಾದಕ ಕಂಪನಿಯಲ್ಲೋ ಬೀಜ ಕಂಪನಿಯಲ್ಲೋ ಎರಡು ವರ್ಷ ದುಡಿದು ಹೋಗುವುದು ತಡ ಮಾಡಿದ ಹಾಗಲ್ಲ.

ಇಮೇಲ್‌ನಲ್ಲಿ ಸುಮ್ನೆ 'ನನಗೆ ಕೃಷಿಯಲ್ಲಿ ಆಸಕ್ತಿ' ಅಂದರೆ ಸಾಲದು. ಈಚಿನ ವಿದ್ಯಾರ್ಥಿಗಳು ಯಾವ ದೇಶದಲ್ಲಿ ಥೀಸಿಸ್ ಮಾಡಿದರು, ಓಡಾಟದ ಖರ್ಚು ಯಾರು ಕೊಟ್ಟರು, ಸಂಗ್ರಹಿಸಿದ ಮಾಹಿತಿ ಮತ್ತೆ ಆ ಹಳ್ಳಿಯವರಿಗೆ ಮುಟ್ಟಿತಾ ಅಂತ ಕೇಳಿ.